ಕಂಬಳಿ ಕೊಪ್ಪೆಯೂ ದೊರೆಯ ಟೋಪಿಯೂ
(ಮಳೆಗಾಲಕ್ಕೆ ಮುಂಚೆ ತೋಟದ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಭಾಷಣಕ್ಕೆ ನಿಂತವರು ಕೈಯಲ್ಲಿ ಕಾಗದ ಹಿಡಿಯುತ್ತಾರೆ, ಇವರು ಕಂಬಳಿ ಹಿಡಿದು ಬಂದಿದ್ದಾರಲ್ಲ ಎಂದು ಹಿಂದಿನ ಸಾಲಿನ ಹುಡುಗರು ನಗುತ್ತಿದ್ದಾರೆ. ನಗಲಿ. ಇವತ್ತು ನಾವು ಎರಡು ಕಂಬಳಿ ತಂದಿದ್ದೇವೆ. ಈ ಬಲಗೈಯಲ್ಲಿ ಇರುವುದು ಕರಿಯದು, ನಮ್ಮ ಅಪ್ಪ ಮಂಗಳವೇಢೆಯ ಸಂತೆಯಲ್ಲಿ ಕೊಂಡದ್ದು. ಅದು ಮನೆಗೆ ಬಂದಾಗ ನಾವಿನ್ನೂ ಹುಟ್ಟಿರಲಿಲ್ಲ. ಎಡಗೈಯಲ್ಲಿ ಇರುವುದು ಕೆಂಪು ಬಣ್ಣದ್ದು. ಇದಕ್ಕೆ ವಯಸ್ಸು ಎರಡು ವರ್ಷ. ಯಾವುದು ಮುದುಕ, ಯಾವುದು ಮಗು ಎಂದು ನೀವೇ ಮುಟ್ಟಿ ಹೇಳಿರಿ. ಸಾಲಿನಿಂದ ಸಾಲಿಗೆ ದಾಟಿಸಿ. ಕೆಂಪಿನದನ್ನು ಜೋರಾಗಿ ಜಗ್ಗಬೇಡಿರಿ, ಕಡೆಯ ಸಾಲು ಮುಟ್ಟುವ ಹೊತ್ತಿಗೆ ಏನೂ ಉಳಿಯಲಿಕ್ಕಿಲ್ಲ.

ಈ ಕೆಂಪು ಕಂಬಳಿ ಎಲ್ಲಿಂದ ಬಂತೆಂದು ಹೇಳುತ್ತೇವೆ, ತೋಟದ ಹೆಸರು ಮಾತ್ರ ಹೇಳುವುದಿಲ್ಲ. ಎರಡು ವರ್ಷದ ಹಿಂದೆ ಒಂದು ತೋಟದಲ್ಲಿ ಮಳೆ ಹಿಡಿಯುವ ಮೊದಲು ಮನೆಗೊಂದರಂತೆ ಹಂಚಿದರು. ತೆಗೆದುಕೊಂಡಾಗ ಬಹಳ ಚಂದ, ಬೆಕ್ಕಿನ ಮೈಯಷ್ಟು ಮೆತ್ತಗೆ. ದೀಪಾವಳಿಯ ಹೊತ್ತಿಗೆ ಮೈಮೇಲಿನ ನೂಲೆಲ್ಲಾ ಉಂಡೆಕಟ್ಟಿ ಉದುರಿತು, ಹಿಂದಿನ ಬಲೆ ಕಾಣತೊಡಗಿತು. ಅದಾದರೂ ಹೋಗಲಿ. ಲೈನಿನಲ್ಲಿ ಒಬ್ಬ ಅಜ್ಜಿ ಅದನ್ನೇ ಹೊದ್ದು ಒಲೆಯ ಮುಂದೆ ಕುಳಿತಿದ್ದಳು. ಕೊಳ್ಳಿಯಿಂದ ಒಂದು ಕಿಡಿ ಹಾರಿತು. ಕಂಬಳಿ ಉರಿಯಲಿಲ್ಲ, ಕರಗಿತು. ಕರಗಿ ಅವಳ ಮೊಳಕೈಗೆ ಅಂಟಿತು. ಕೀಳಹೋದರೆ ಚರ್ಮವೂ ಜೊತೆಗೆ ಬಂತು. ಆ ತೂತು ಇಲ್ಲಿದೆ, ನೋಡಿರಿ. ಅಂಚನ್ನು ಮುಟ್ಟಿರಿ, ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ. ನಾವು ಹೋಗಿ ಕೇಳಿದಾಗ ಆಫೀಸಿನಲ್ಲಿ ಕುಳಿತವರು ಹೇಳಿದ್ದು ಒಂದೇ ಮಾತು: ಕಂಬಳಿ ಕೊಡಬೇಕೆಂದಿತ್ತು, ಕೊಟ್ಟಿದ್ದೇವೆ.

ನಮಗೆ ಆಗ ಉತ್ತರ ತೋಚಲಿಲ್ಲ. ಮನೆಗೆ ಬಂದು ಈ ಕರಿಯ ಕಂಬಳಿ ಹೊದ್ದು ಮಲಗಿದಾಗ ತೋಚಿತು. ಇದೂ ಕಂಬಳಿಯೇ, ಅದೂ ಕಂಬಳಿಯೇ? ಹಾಗಾದರೆ ಕಂಬಳಿ ಎಂದರೆ ಏನು?

ನಾವು ಸೊಲ್ಲಾಪುರ ಜಿಲ್ಲೆಯ ಮರವಡೆ ಕಡೆಯವರು. ನಮ್ಮದು ಬರದ ಸೀಮೆ, ಜೋಳದ ಸೀಮೆ, ಕುರಿಯ ಸೀಮೆ. ಮಂಗಳವೇಢೆ, ಸಾಂಗೋಲೆ, ಪಂಢರಪುರ, ಈಚೆಗೆ ಅಕ್ಕಲಕೋಟೆ, ಎಲ್ಲಿ ನೋಡಿದರೂ ಕುರಿಹಿಂಡು. ನಮ್ಮ ನೆರೆಯ ಹುಲಜಂತಿಯಲ್ಲಿ ದೀಪಾವಳಿಗೆ ಮಹಾಲಿಂಗರಾಯನ ಜಾತ್ರೆ ಆಗುತ್ತದೆ. ಕುರುಬರು ಭಂಡಾರದ ಜೊತೆ ಉಣ್ಣೆಯನ್ನೂ ತೂರುತ್ತಾರೆ. ಗುಡಿಯ ಶಿಖರಕ್ಕೆ ಅಮಾವಾಸ್ಯೆಯ ರಾತ್ರಿ ಮುಂಡಾಸು ಸುತ್ತಿಕೊಳ್ಳುತ್ತದೆಂದು ನೋಡಲಿಕ್ಕೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಜನ ಸೇರುತ್ತಾರೆ. ಅವರ ದೇವರು ಅವರಿಗೆ. ನಾವು ಹೇಳಬೇಕೆಂದದ್ದು ಇಷ್ಟೇ: ತಲೆಯ ಮೇಲೆ ಏನು ಇರಬೇಕು, ಮೈಮೇಲೆ ಏನು ಇರಬೇಕು ಎಂಬುದು ನಮ್ಮ ಸೀಮೆಯಲ್ಲಿ ಸಣ್ಣ ಮಾತಲ್ಲ. ಸೊಲ್ಲಾಪುರ ಪಟ್ಟಣದಲ್ಲಂತೂ ಟೋಪಿಗಾಗಿ ಜನ ಏಟು ತಿಂದಿದ್ದಾರೆ. 1930ರ ಮೇ ತಿಂಗಳಲ್ಲಿ ಗಾಂಧೀಜಿಯನ್ನು ಹಿಡಿದರೆಂದು ಊರು ಎದ್ದಿತು, ಗಿರಣಿ ಕೆಲಸಗಾರರು ಬೀದಿಗಿಳಿದರು, ಸರಕಾರ ಲಷ್ಕರಿ ಕಾಯಿದೆ ಹೇರಿತು. ಆ ದಿನಗಳಲ್ಲಿ ಬಿಳೀ ಖಾದಿ ಟೋಪಿ ಹಾಕಿದವನು ಅಪರಾಧಿ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಈ ನಾಲ್ವರನ್ನು 1931ರ ಜನವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿಸಿದರು. ಅವರ ಹೆಸರಿನ ಚೌಕ ಊರ ನಡುವೆ ಇದೆ.

ಇರಲಿ, ಉಣ್ಣೆಗೆ ಬರೋಣ.

ಉಣ್ಣೆಯ ಎಳೆ ಹತ್ತಿಯ ಎಳೆಯ ಹಾಗಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹೊಪ್ಪಳಿಕೆಗಳು ಅದರ ಮೈಮೇಲೆ ಇರುತ್ತವೆ, ಮೀನಿನ ಪೊರೆಯಂತೆ, ಒಂದರ ಮೇಲೊಂದು. ಬಿಸಿ, ನೀರು, ಒತ್ತಡ ಈ ಮೂರೂ ಕೂಡಿದರೆ ಆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಕೂಡಿಬಿಡುತ್ತವೆ. ಗೊತ್ತಿಲ್ಲದೆ ಉಣ್ಣೆಯ ಸ್ವೆಟರನ್ನು ಕುದಿನೀರಿಗೆ ಹಾಕಿ ಮಗುವಿನ ಅಳತೆಗೆ ಇಳಿಸಿದ ಅಕ್ಕಂದಿರು ಇಲ್ಲಿ ಇದ್ದೇ ಇರುತ್ತಾರೆ. ಅದೇ ಗುಣದಿಂದ ನೇಯದೆ, ಹೆಣೆಯದೆ, ಬರಿಯ ಒತ್ತಿ ಮಾಡುವ ಬಟ್ಟೆಗೆ ಫೆಲ್ಟ್ ಎನ್ನುತ್ತಾರೆ. ಹಳೆಯ ಕಾಲದ ದೊರೆಗಳ ಟೋಪಿ ಇದರದೇ. ಯುರೋಪಿನ ಟೋಪಿ ಮಾಡುವವರು ಸಂತ ಕ್ಲೆಮೆಂತರನ್ನು ತಮ್ಮ ಪಾಲಕ ಸಂತರೆಂದು ಇಟ್ಟುಕೊಂಡಿದ್ದರು. ದೂರ ನಡೆಯುವಾಗ ಕಾಲು ನೋಯದಿರಲೆಂದು ಅವರು ಜೋಡಿನೊಳಗೆ ಉಣ್ಣೆ ಇಟ್ಟುಕೊಂಡರು, ಬೆವರಿಗೂ ತುಳಿತಕ್ಕೂ ಅದು ಒತ್ತಿ ಬಟ್ಟೆಯಾಯಿತು ಎಂದು ಕಥೆ. ಕಥೆ ನಿಜವೋ ಸುಳ್ಳೋ, ಕೆಲಸದ ರೀತಿ ಮಾತ್ರ ಸರಿಯಾಗಿ ಹೇಳುತ್ತದೆ.

ತೋಟದಲ್ಲಿ ಹಿಂದೆ ದುಡಿದ ಹಿರಿಯರು ಬಿಳಿಯ ದೊರೆಗಳ ಟೋಪಿಯ ಮಾತು ಈಗಲೂ ತೆಗೆಯುತ್ತಾರೆ. ಅದರಲ್ಲಿ ಎರಡು ಬಗೆ. ಒಂದು ಬೆಂಡಿನ ಟೋಪಿ, ಹಗುರ, ನೀರಗಿಡದ ಬೆಂಡಿನಿಂದ ಮಾಡಿ ಬಟ್ಟೆ ಸುತ್ತಿದ್ದು. ಇನ್ನೊಂದು ತೆರಾಯಿ ಟೋಪಿ, ಫೆಲ್ಟಿನದು. ಬಿಸಿಲು ತಡೆಯಲೆಂದು ಒಂದರೊಳಗೊಂದು ಎರಡು ಟೋಪಿ ಕೂಡಿಸಿ ಮಾಡಿದ್ದು. ಆ ಟೋಪಿ ಮಳೆಯಲ್ಲಿ ನೆನೆದರೂ ಆಕಾರ ಬಿಡುತ್ತಿರಲಿಲ್ಲ, ಈಗಿನ ಟೋಪಿ ಒಂದು ಮಳೆಗೆ ಹಪ್ಪಳವಾಗುತ್ತದೆ ಎಂದು ಹಿರಿಯರೊಬ್ಬರು ನಮಗೆ ಹೇಳಿದರು. ಅದು ಬರೀ ಮುದುಕರ ಹಳಹಳಿಯಲ್ಲ. ಹಳೆಯ ಒಳ್ಳೆಯ ಟೋಪಿಗೆ ಕುರಿಯ ಉಣ್ಣೆಯಲ್ಲ, ಬೀವರ್ ಎಂಬ ನೀರುಪ್ರಾಣಿಯ ಅಥವಾ ಮೊಲದ ನುಣ್ಣನೆಯ ಒಳತುಪ್ಪಳು ಬೇಕು. ಅದನ್ನು ದೊಡ್ಡ ಶಂಕುವಿನಂತೆ ಹರಡಿ, ಬಿಸಿನೀರಿನಲ್ಲಿ ಮತ್ತೆ ಮತ್ತೆ ಹೊರಳಿಸಿ ಹೊರಳಿಸಿ, ಅರ್ಧಕ್ಕಿಂತ ಚಿಕ್ಕದಾಗುವ ತನಕ ಕುಗ್ಗಿಸಬೇಕು. ಆಮೇಲೆ ಅರಗು ತಾಗಿಸಿ ಬಿಗಿ ಮಾಡಬೇಕು. ಆ ಅರಗು ನಮ್ಮ ದೇಶದ ಕಾಡಿನಲ್ಲಿ ಹುಳ ಕಟ್ಟಿದ್ದು, ನಮ್ಮ ಬಡವರು ಕೊಯ್ದದ್ದು. ಈಗ ಅಗ್ಗದ ಟೋಪಿಗೆ ಒರಟು ಉಣ್ಣೆ, ಯಂತ್ರದ ಒಂದೇ ಒತ್ತು. ಸಡಿಲವಾಗಿ ಕೂಡಿದ್ದು ಸಡಿಲವಾಗಿಯೇ ಬಿಡುತ್ತದೆ.

ಆದರೆ ಹಳೆಯದೆಲ್ಲ ಬಂಗಾರ ಎಂದು ಹೇಳಲು ನಾವು ಇಲ್ಲಿಗೆ ಬಂದಿಲ್ಲ. ಯೂನಿಯನ್ ಕೆಲಸ ಮಾಡುವವರು ಯಾವ ಸಾಮಾನನ್ನು ನೋಡಿದರೂ, ಇದನ್ನು ಮಾಡಿದ ಕೈ ಏನಾಯಿತು ಎಂದು ಕೇಳಬೇಕು. ಮೊಲದ ತುಪ್ಪಳು ತಾನಾಗಿ ಚೆನ್ನಾಗಿ ಕೂಡುವುದಿಲ್ಲ. ಅದು ಕೂಡಲೆಂದು ಪಾದರಸವನ್ನು ಆಮ್ಲದಲ್ಲಿ ಕರಗಿಸಿ ಚರ್ಮಕ್ಕೆ ಬಳಿಯುತ್ತಿದ್ದರು. ತುಪ್ಪಳಿನ ತುದಿ ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿತ್ತು, ಆ ಕೆಲಸಕ್ಕೆ ಹೆಸರೇ ಗಜ್ಜರಿ ಮಾಡುವುದು ಎಂದಾಗಿತ್ತು. ಅದೇ ತುಪ್ಪಳನ್ನು ಮುಚ್ಚಿದ ಕೋಣೆಯಲ್ಲಿ ಬಿಸಿನೀರಿಗೆ ಹಾಕಿದಾಗ ಪಾದರಸದ ಹೊಗೆ ಏಳುತ್ತಿತ್ತು. ಕೆಲಸಗಾರರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು, ಮಾತು ತೊದಲುತ್ತಿತ್ತು, ನಾಲ್ಕು ಜನರ ಮುಂದೆ ಬರಲು ನಾಚುತ್ತಿದ್ದರು, ಸುಮ್ಮಸುಮ್ಮನೆ ಸಿಟ್ಟಿಗೇಳುತ್ತಿದ್ದರು. ಅಮೆರಿಕದ ಡ್ಯಾನ್ಬರಿ ಎಂಬ ಟೋಪಿ ಊರಿನಲ್ಲಿ ಇದಕ್ಕೆ ಊರಿನದೇ ಹೆಸರು, ಡ್ಯಾನ್ಬರಿ ನಡುಕ. ಜನ ಅವರನ್ನು ಕುಡುಕರೆಂದೂ ಹುಚ್ಚರೆಂದೂ ಆಡಿಕೊಂಡರು. ಅಮೆರಿಕದಲ್ಲಿ ಪಾದರಸ ನಿಂತದ್ದು 1941ರಲ್ಲಿ. ಅಲ್ಲಿಯ ತನಕ ದೊರೆಯ ತಲೆಯ ಮೇಲಿನ ಆ ಗಟ್ಟಿಮುಟ್ಟಾದ ಟೋಪಿ ಇನ್ನೊಬ್ಬನ ನಡುಗುವ ಕೈಯಿಂದ ಬಂದದ್ದೇ. ಅಂಥ ಗುಣಮಟ್ಟ ಮತ್ತೆ ಬರಲಿ ಎಂದು ಯಾರೂ ಹಾರೈಸಬಾರದು.

ಈಗ ನಮ್ಮ ಕರಿಯ ಕಂಬಳಿ. ಇದಕ್ಕೆ ಪಾದರಸ ಬೇಕಾಗಲಿಲ್ಲ, ಬಣ್ಣವೂ ಬೇಕಾಗಲಿಲ್ಲ. ಡೆಕ್ಕನಿ ಕುರಿಯ ಉಣ್ಣೆ ಹುಟ್ಟಿನಿಂದಲೇ ಕಪ್ಪು, ಆದ್ದರಿಂದ ತೊಳೆದರೆ ಬಿಡುವ ಬಣ್ಣವೇ ಇದರಲ್ಲಿ ಇಲ್ಲ. ಒಂದು ಕುರಿ ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಕೊಡುವುದು ಸುಮಾರು ಅರ್ಧ ಕಿಲೋ. ಒಂದು ಒಳ್ಳೆಯ ಕಂಬಳಿಗೆ ಎರಡು ಮೂರು ಕಿಲೋ ಉಣ್ಣೆ ಬೇಕು. ಅಂದರೆ ಐದಾರು ಕುರಿಗಳ ಒಂದು ವರ್ಷದ ಮೈಕೂದಲು ಈ ಒಂದು ಹೊದಿಕೆ. ಉಣ್ಣೆಯನ್ನು ಬಿಲ್ಲಿನಿಂದ ಹಿಂಜಬೇಕು. ಹೆಂಗಸರು ರಾಟೆಯಲ್ಲಿ ನೂಲಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಗಂಜಿ ಕಾಸಿ, ಹಾಸಿನ ನೂಲಿಗೆ ಕುಂಚದಿಂದ ಬಳಿದು ಬಿಸಿಲಿಗೆ ಒಣಗಿಸಬೇಕು. ಆ ಗಂಜಿಯಿಂದ ನೂಲು ಬಿಗಿಯಾಗಿ ಮಗ್ಗದ ಹೊಡೆತ ತಡೆಯುತ್ತದೆ. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದೂ ಅದರಿಂದಲೇ. ಆಮೇಲೆ ಕುಣಿಮಗ್ಗದಲ್ಲಿ ನೇಯುವುದು. ನಮ್ಮ ಕಡೆ ಇದನ್ನು ಸಣಗರು, ಕುರುಬರು ಮಾಡುತ್ತಾರೆ. ಕರ್ನಾಟಕದಲ್ಲಿ ಚಳ್ಳಕೆರೆ, ಮೇಡ್ಲೇರಿ ಕಡೆಯ ಕಂಬಳಿ ಹೆಸರಾದದ್ದು.

ಹೀಗೆ ನೇಯ್ದದ್ದು ಹೊದೆಯುತ್ತ ಹೋದಂತೆ, ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿದಂತೆ, ತಾನೇ ಒತ್ತುತ್ತಾ ಹೋಗುತ್ತದೆ. ಮೊದಲ ವರ್ಷ ಬೆಳಕಿಗೆ ಹಿಡಿದರೆ ನೂಲಿನ ನಡುವೆ ಸಂದು ಕಾಣುತ್ತದೆ. ಹತ್ತನೆಯ ವರ್ಷ ಕಾಣುವುದಿಲ್ಲ. ಈಗ ನೀವು ಹಿಡಿದ ಕಂಬಳಿಯನ್ನು ದೀಪಕ್ಕೆ ಹಿಡಿದು ನೋಡಿರಿ. ದೊರೆಯ ಟೋಪಿಯಲ್ಲಿ ಕಾರಖಾನೆ ಮಾಡಿದ ಕೆಲಸವನ್ನು ಈ ಕಂಬಳಿಯಲ್ಲಿ ನಮ್ಮ ಅಪ್ಪನ ಬೆನ್ನೇ ಮಾಡಿದೆ. ಉಣ್ಣೆಗೆ ಇನ್ನೊಂದು ಗುಣ ಇದೆ. ತನ್ನ ತೂಕದ ಮೂರರಲ್ಲಿ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ, ಹೀರುವಾಗ ಸ್ವಲ್ಪ ಬಿಸಿಯನ್ನೂ ಕೊಡುತ್ತದೆ. ಕುರುಬರು ಕಂಬಳಿಯ ಒಂದು ತುದಿಯನ್ನು ಮಡಚಿ ತಲೆಗೆ ಹಾಕಿ, ಮೊಣಕಾಲ ತನಕ ಇಳಿಬಿಟ್ಟುಕೊಂಡು, ಜಡಿಮಳೆಯಲ್ಲಿ ಗಂಟೆಗಟ್ಟಲೆ ಕುರಿ ಕಾಯುವುದು ಇದರಿಂದಲೇ ಸಾಧ್ಯ. ಮರಾಠಿಯವರು ಅದನ್ನು ಖೋಳ ಎನ್ನುತ್ತಾರೆ. ಇಲ್ಲಿ ಮಲೆನಾಡಿನಲ್ಲಿ ನೀವು ಕೊಪ್ಪೆ ಎನ್ನುತ್ತೀರಿ. ದೊರೆಗೆ ಎರಡು ಪದರದ ಟೋಪಿ ಇದ್ದರೆ ಆಳಿಗೆ ಕೊಪ್ಪೆ ಇತ್ತು. ಯಾವುದು ಮೇಲು ಎಂದು ಕೇಳಿದರೆ ಆಷಾಢದ ಮಳೆಯಲ್ಲಿ ನಾವು ಕೊಪ್ಪೆಯನ್ನೇ ಕೇಳುತ್ತೇವೆ, ಟೋಪಿ ಬೆನ್ನು ಮುಚ್ಚುವುದಿಲ್ಲ.

ಇದರ ಕುಂದನ್ನೂ ಹೇಳಿಬಿಡುತ್ತೇವೆ, ಇಲ್ಲದಿದ್ದರೆ ಅಕ್ಕಂದಿರು ಆಮೇಲೆ ನಮ್ಮನ್ನು ಹಿಡಿಯುತ್ತಾರೆ. ಇದು ಚುಚ್ಚುತ್ತದೆ. ಕೂಸಿನ ಮೈಗೆ ನೇರವಾಗಿ ಹಾಕಬಾರದು, ಕೆಳಗೆ ಹಳೆ ಸೀರೆ ಹಾಕಬೇಕು. ಪೂರ್ತಿ ನೆನೆದರೆ ಕುರಿಯನ್ನೇ ಹೊತ್ತಷ್ಟು ಭಾರ, ಕುರಿಯದೇ ವಾಸನೆ. ಒಣಗಲು ಎರಡು ದಿನ ಬೇಕು, ಇಲ್ಲಿಯ ಮಳೆಗಾಲದಲ್ಲಿ ಎರಡು ದಿನ ಬಿಸಿಲು ಎಲ್ಲಿಂದ ತರುವುದು? ಪ್ಲಾಸ್ಟಿಕ್ ಹಾಳೆಯ ಕೊಪ್ಪೆ ಬಂದಾಗ ಜನ ಅದನ್ನು ಹಿಡಿದದ್ದು ಮೂರ್ಖತನದಿಂದಲ್ಲ. ನೀರನ್ನು ಅದು ಕಂಬಳಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಒಳಗೆ ಬೆವರು ನಿಂತು ಮೈ ತಣ್ಣಗಾಗುತ್ತದೆ. ಕಸಿ ಮಾಡುವಾಗ, ಗಿಡ ನೆಡುವಾಗ ಮೇಲೆ ಪ್ಲಾಸ್ಟಿಕ್ಕು, ಒಳಗೆ ಉಣ್ಣೆ ಎಂದು ಎರಡನ್ನೂ ಕೂಡಿಸಿಕೊಂಡವರನ್ನು ನೋಡಿದ್ದೇವೆ. ಬುದ್ಧಿವಂತರು ಅವರೇ.

ಹಾಗಾದರೆ ಇಂಥ ಕಂಬಳಿ ಈಗ ಯಾಕೆ ಸಿಗುವುದಿಲ್ಲ? ನೇಕಾರನು ಸೋಮಾರಿಯಾದನೆಂದು ಕೆಲವರು ಹೇಳುತ್ತಾರೆ. ಸುಳ್ಳು. ಮೊದಲು ಕುರಿಯೇ ಬದಲಾಯಿತು. ಸಣ್ಣ ಬಿಳೀ ಉಣ್ಣೆ ಬೇಕೆಂದು ಸರಕಾರದವರು ನಮ್ಮ ಡೆಕ್ಕನಿ ಕುರಿಗೆ ಮೆರಿನೋ, ರಾಂಬುಲೆ ಎಂಬ ಪರದೇಶದ ಟಗರುಗಳನ್ನು ಕೂಡಿಸಿ ನೋಡಿದರು. ಆ ಮಿಶ್ರ ಮರಿ ನಮ್ಮ ಬಿಸಿಲು, ನಮ್ಮ ಮುಳ್ಳು, ದಿನಕ್ಕೆ ಹತ್ತಾರು ಮೈಲಿ ನಡಿಗೆ ತಾಳಲಿಲ್ಲ. ಆಮೇಲೆ ಮಟನ್ನಿನ ದರ ಏರಿತು, ಉಣ್ಣೆಯ ದರ ಬಿದ್ದಿತು. ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ ಎಂದಾದ ಮೇಲೆ ಕುರುಬನು ಏನು ಮಾಡಬೇಕು? ದೊಡ್ಡ ಮೈಯ, ಮೈತುಂಬ ಬರೀ ಕೂದಲಿನ ಮಾಂಸದ ಕುರಿ ಸಾಕಿದನು. ಆ ಕೂದಲು ನೂಲಲು ಬರುವುದಿಲ್ಲ. 1980ರಲ್ಲಿ ಭೀಮಾ ನದಿಗೆ ಉಜನಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಜಿಲ್ಲೆಯಲ್ಲಿ ನೀರು ಬಂದಲ್ಲೆಲ್ಲ ಕಬ್ಬು ಎದ್ದಿತು. ಕಬ್ಬು ಎದ್ದಲ್ಲಿ ಕುರಿ ಮೇಯುವ ಬೀಳು ಇಲ್ಲ. ಕಬ್ಬಿನಿಂದ ಎಷ್ಟೋ ಮನೆ ಉಂಡಿವೆ, ಅದನ್ನು ಹಳಿಯುವುದಿಲ್ಲ.

ಇತ್ತ ಪೇಟೆಗೆ ಪಾಣಿಪತ್ತಿನ ಮಾಲು ಬಂತು. ಹರಿಯಾಣದ ಆ ಊರಿಗೆ ಪರದೇಶದಿಂದ ಹಳೆಯ ಉಣ್ಣೆಬಟ್ಟೆ ಹಡಗಿನಲ್ಲಿ ಬರುತ್ತದೆ. ಅದನ್ನು ಹರಿದು, ಹಿಂಜಿ, ಮತ್ತೆ ನೂತು ಕಂಬಳಿ ಮಾಡುತ್ತಾರೆ. ಒಮ್ಮೆ ಹರಿದ ಎಳೆ ಗಿಡ್ಡವಾಗುತ್ತದೆ. ಗಿಡ್ಡ ಎಳೆಯ ನೂಲು ಬೇಗ ಉದುರುತ್ತದೆ. ಈಚೆಗಂತೂ ಅದೂ ಹೋಗಿ ಪಾಲಿಯೆಸ್ಟರ್ ಕಂಬಳಿ ಬಂದಿದೆ, ಕುರಿಯ ಮುಖವನ್ನೇ ಕಾಣದ್ದು. ಇದು ಉಣ್ಣೆಗೆ ಮಾತ್ರ ಬಂದ ಗತಿಯಲ್ಲ. ನಮ್ಮ ಸೊಲ್ಲಾಪುರದ ಹತ್ತಿಯ ಚಾದರ ನಿಮಗೆಲ್ಲ ಗೊತ್ತಿದೆ. ಅದಕ್ಕೆ ಸರಕಾರ ಭೌಗೋಳಿಕ ಗುರುತಿನ ರಕ್ಷಣೆ ಕೊಟ್ಟಿದೆ. ಆದರೂ ಬೇರೆ ಕಡೆ ನೇಯ್ದ ತೆಳು ಚಾದರಕ್ಕೆ ಸೊಲ್ಲಾಪುರದ ಹೆಸರು ಹಚ್ಚಿ ಮಾರುವವರು ನಿಂತಿಲ್ಲ. ಹೊಟ್ಟೆಗೆ ಹೊಡೆತ ಬೀಳುವುದು ನಮ್ಮ ಪದ್ಮಶಾಲಿ ನೇಕಾರರಿಗೆ.

ಈಗ ನಿಮ್ಮ ಕೆಲಸಕ್ಕೆ ಬೇಕಾದ ಮಾತು. ಆಫೀಸಿನವರು ಹೇಳಿದರಲ್ಲ, ಕೊಡಬೇಕೆಂದಿತ್ತು, ಕೊಟ್ಟಿದ್ದೇವೆ ಎಂದು. ನಾವು ಹೋಗಿ ಕಾಯಿದೆ ಓದಿದೆವು. 1951ರ ತೋಟ ಕಾರ್ಮಿಕರ ಕಾಯಿದೆಯ 17ನೆಯ ಕಲಮು ಏನು ಹೇಳುತ್ತಿತ್ತು? ಮಳೆ, ಚಳಿಯಿಂದ ಕಾಪಾಡಲು ಕೆಲಸಗಾರರಿಗೆ ಕೊಡೆ, ಕಂಬಳಿ, ಮಳೆಯಂಗಿ ಮುಂತಾದ್ದನ್ನು ಮಾಲೀಕರು ಕೊಡಬೇಕೆಂದು ರಾಜ್ಯ ಸರಕಾರ ನಿಯಮ ಮಾಡಬಹುದು, ಎಷ್ಟು ಎಂಬುದನ್ನೂ ಯಾವ ಬಗೆಯದು ಎಂಬುದನ್ನೂ ನಿಯಮದಲ್ಲಿ ಹೇಳಬಹುದು ಎಂದು. ಎಷ್ಟು ಮಾತ್ರವಲ್ಲ, ಯಾವ ಬಗೆಯದು! ಕಾಯಿದೆ ಬರೆದವರಿಗೆ ಕಂಬಳಿಯಲ್ಲಿ ಬಗೆ ಉಂಟೆಂದು ಗೊತ್ತಿತ್ತು. ನಾವು ಇಷ್ಟು ವರ್ಷ ಎಣಿಸಿದ್ದು ಸಂಖ್ಯೆಯನ್ನು, ಬಿಟ್ಟದ್ದು ಬಗೆಯನ್ನು. ಆ ಕಾಯಿದೆಯನ್ನು ಬೇರೆ ಹನ್ನೆರಡರ ಜೊತೆ ಕೂಡಿಸಿ 2020ರಲ್ಲಿ ಸುರಕ್ಷತೆ, ಆರೋಗ್ಯ, ಕೆಲಸದ ಸ್ಥಿತಿಗತಿಗಳ ಸಂಹಿತೆ ಎಂದು ಒಂದೇ ಮಾಡಿದರು. ಪುಸ್ತಕದ ಹೆಸರು ಬದಲಾಯಿತು, ಮಳೆ ಬದಲಾಗಲಿಲ್ಲ. ಮಾತುಕತೆಗೆ ಕೂಡುವಾಗ ಬಗೆಯ ಮಾತನ್ನು ನಾವೇ ಎತ್ತಬೇಕು.

ಉಪದೇಶದ ಕೆಲಸದವರಾದ್ದರಿಂದ ಒಂದು ಮಾತು ಸೇರಿಸುತ್ತೇವೆ, ಉದ್ದ ಮಾಡುವುದಿಲ್ಲ. ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿ ಬಡವನ ಹೊದಿಕೆಯನ್ನು ಅಡವಿಟ್ಟುಕೊಂಡರೆ ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕೊಡಬೇಕೆಂಬ ಕಟ್ಟಳೆ ಇದೆ. ಅವನಿಗೆ ರಾತ್ರಿ ಹೊದೆಯಲು ಬೇರೆ ಏನೂ ಇಲ್ಲ ಎಂಬುದೇ ಅದಕ್ಕೆ ಕಾರಣ. ಮೈ ಬೆಚ್ಚಗೆ ಮಾಡದ ಹೊದಿಕೆಯನ್ನು ಹಿಂದಕ್ಕೆ ಕೊಟ್ಟರೆ ಆ ಕಟ್ಟಳೆ ನಡೆಸಿದಂತಾಗುತ್ತದೆಯೇ? ಕೇಳಿಕೊಳ್ಳಿರಿ.

ಉಣ್ಣೆಯೋ ಅಲ್ಲವೋ ಎಂದು ನೋಡುವುದು ಹೇಗೆ ಎಂದು ಮುಂದಿನ ಸಾಲಿನ ಅಕ್ಕ ಆಗಲೇ ಕೇಳಿದರು. ಅಂಚಿನಿಂದ ಒಂದು ಎಳೆ ಕೀಳಿರಿ. ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ಹಚ್ಚಿರಿ, ಕೈಯಲ್ಲಿ ಹಿಡಿಯಬೇಡಿರಿ. ಉಣ್ಣೆ ನಿಧಾನ ಉರಿದು ಉರಿ ತೆಗೆದೊಡನೆ ಆರುತ್ತದೆ. ತಲೆಗೂದಲು ಸುಟ್ಟ ವಾಸನೆ ಬರುತ್ತದೆ. ಬೂದಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಕೃತಕ ನೂಲು ಸುರುಟಿ, ಕರಗಿ, ಗಟ್ಟಿ ಮಣಿಯಾಗುತ್ತದೆ. ಹತ್ತಿಯಾದರೆ ಕಾಗದದ ವಾಸನೆ. ಬೆರಕೆಯಾದರೆ ಕೂದಲಿನ ವಾಸನೆಯೂ ಮಣಿಯೂ ಎರಡೂ ಸಿಗುತ್ತವೆ. ಮೂರನೆಯ ತರಗತಿಯ ಹುಡುಗನೂ ಹೇಳಬಲ್ಲ. ಮತ್ತೆ ದೀಪಕ್ಕೆ ಹಿಡಿಯಿರಿ, ತೂಗಿ ನೋಡಿರಿ, ಅಂಗೈಯಿಂದ ಹತ್ತು ಸಲ ಉಜ್ಜಿ ನೂಲು ಎಷ್ಟು ಉದುರಿತೆಂದು ನೋಡಿರಿ. ಕೃತಕದ್ದೇ ಮನೆಯಲ್ಲಿ ಇದ್ದರೆ ಬಿಸಾಡಬೇಡಿರಿ, ಒಲೆಯ ಮುಂದೆ ಮಾತ್ರ ಅದನ್ನು ಹೊದ್ದು ಕೂರಬೇಡಿರಿ, ಮಕ್ಕಳನ್ನೂ ಕೂರಿಸಬೇಡಿರಿ. ಉಣ್ಣೆಯದಿದ್ದರೆ ಕುದಿನೀರಿಗೆ ಹಾಕಬೇಡಿರಿ, ತಣ್ಣೀರಲ್ಲಿ ಹಿಂಡದೆ ತೊಳೆದು ನೆರಳಲ್ಲಿ ಹರಡಿರಿ. ಬೇಸಗೆಯಲ್ಲಿ ಬೇವಿನ ಸೊಪ್ಪು ಇಟ್ಟು ಮಡಚಿರಿ, ಇಲ್ಲದಿದ್ದರೆ ನುಸಿ ತಿನ್ನುತ್ತದೆ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಹಿಂದಿನ ಎರಡು ವರ್ಷದಲ್ಲಿ ನಿಮಗೆ ಸಿಕ್ಕ ಕಂಬಳಿಗಳನ್ನು ತನ್ನಿರಿ, ಹರಿದಿದ್ದರೂ ತನ್ನಿರಿ. ಒಂದೊಂದರಿಂದ ಒಂದು ಎಳೆ ತೆಗೆದು ಎಲ್ಲರ ಮುಂದೆ ಸುಟ್ಟು ನೋಡಿ, ಯಾವ ಮನೆಗೆ ಯಾವ ವರ್ಷ ಯಾವ ಬಗೆ ಬಂತೆಂದು ಪಟ್ಟಿ ಬರೆಯುತ್ತೇವೆ. ಓದು ಬರಹ ಬರುವ ಇಬ್ಬರು ಹುಡುಗಿಯರು ಬರೆಯಲು ಬೇಕು. ಆ ಪಟ್ಟಿ ಹಿಡಿದು ಮಳೆಗೆ ಮೊದಲು ಆಫೀಸಿಗೆ ಹೋಗುವುದು, ಜೊತೆಗೆ ಆ ಅಜ್ಜಿಯ ಕೆಂಪು ಕಂಬಳಿ. ಕರಿಯದನ್ನು ಈಗ ಹಿಂದಕ್ಕೆ ಕೊಡಿರಿ, ರಾತ್ರಿ ಬಸ್ಸಿನಲ್ಲಿ ನಮಗೆ ಬೇಕು.